ಎಚ್ಚರ ಮತ್ತು ಕಾವಲು

ಆಂಗ್ಲ ಭಾಷೆಯ ‘ವೇರಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ಎಚ್ಚರವುಳ್ಳ’ ಎಂದು ಅರ್ಥ ಹೇಳುವುದು ವಾಡಿಕೆ. ತಾತ್ಪರ್ಯವು ಒಂದೇ ಆದರೂ ಇವುಗಳ ಮೂಲಗಳು ಭಿನ್ನವಾಗಿವೆ. ಆ ಭೇದವು ವಿಚಾರಾರ್ಹವಾದುದು.

‘ವೇರಿ’ಯು ಪ್ರಾಚೀನ ಆಂಗ್ಲದ ‘ವ್ಯಾರ್’ ಶಬ್ದದಿಂದ ಹುಟ್ಟಿದುದು. ‘ಅವೇರ್’, ‘ಬಿವೇರ್’ ಎಂಬಿವೂ, ರಕ್ಷಣಾರ್ಥಕವಾದ ‘ವಾರ್ಡ್’, ‘ಗಾರ್ಡ್’ ಎಂಬಿವೂ ಇದರ ಬಳಗದವೇ. ಹೊರಗಿನಿಂದ ಬರುವ ಅಪಾಯದ ಮೇಲೆ ಕಣ್ಣಿಟ್ಟು ಕಾಯುವುದೇ ಈ ಬಳಗದ ಭಾವವೆಂದು ಇದರಿಂದ ವ್ಯಕ್ತವಾಗುವುದು.

ಕನ್ನಡದ ‘ಎಚ್ಚರ’ವಾದರೋ ನಿದ್ರೆಗೆ ಸಂಬಂಧಿಸಿದುದು. ಹಳಗನ್ನಡದಲ್ಲಿ ‘ಎೞ್ಚತ್ತು’ ಎಂದರೆ ನಿದ್ರೆ ತಿಳಿದು ಎಂದರ್ಥ. ೞಕಾರವು ಚಕಾರದಲ್ಲಿ ಲೀನವಾಗಿ ‘ಎಚ್ಚತ್ತು’ ಎಂದಾಯಿತು. ಈಗಿನ ‘ಎಚ್ಚೆತ್ತು’ ಅದರ ರೂಪಾಂತರ. ‘ಏೞ್’ ಧಾತುವಿನೊಡನೆ ಇದರ ಸಂಬಂಧವು ಸ್ಪಷ್ಟವಾಗಿದೆ. ತೆಲುಗಿನ ‘ಹೆಚ್ಚರಿಕ’, ತಮಿಳಿನ ‘ಎಚ್ಚರಿಕ್ಕೈ’ ಇದರ ಸಜಾತೀಯಗಳು. ಸಂಸ್ಕೃತದ ‘ಜಾಗರೂಕ’ ಶಬ್ದದಲ್ಲಿಯೂ ಇದೇ ಭಾವವುಂಟು. ‘ಜಾಗೃ’ ಧಾತುವಿಗೆ ಪಾಣಿನಿಯು ಊಕ ಪ್ರತ್ಯಯವನ್ನು ಶೀಲಾರ್ಥದಲ್ಲಿ ವಿಧಿಸಿದ್ದಾನೆ. ಆದಕಾರಣ ಒಮ್ಮೆ ಎದ್ದವನು ಜಾಗರೂಕನಲ್ಲ. ಎದ್ದಿರುವುದೇ ಯಾರ ಸ್ವಭಾವವೋ ಅವನು ಜಾಗರೂಕನು.

ಕಾಯುವ ಭಾವಕ್ಕೆ ಕನ್ನಡದಲ್ಲಿ ‘ಕಾವಲು’ ಎಂಬ ಬೇರೆ ಮಾತೇ ಉಂಟು, ಕಾವಲಿನವನು ‘ತಳವಾರ’. ಹೊಸಪೇಟೆಗೆ ಸಮೀಪವಾದ ಹಂಪೆಯಲ್ಲಿ, ಆನೆಗೊಂದಿಯ ಕಡೆಗೆ ಹೊಳೆದಾಟುವ ದಾರಿಯಲ್ಲಿರುವ ಕೋಟೆಬಾಗಿಲು ಇಂದಿಗೂ ತಳವಾರಘಟ್ಟದ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಈ ಎರಡು ಭಾವಗಳ ಅಂತರಕ್ಕೆ ಆ ರಾಜಧಾನಿಯ ಚರಿತ್ರೆಯಲ್ಲಿಯೇ ನಿದರ್ಶನವು ದೊರೆಯುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಊರನ್ನು ಸುತ್ತಿದ್ದ ಏಳು ಕೋಟೆಗಳನ್ನು ವರ್ಣಿಸಿದ್ದಾನೆ. ಅವನು ಬರುವುದಕ್ಕೆ ಸ್ವಲ್ಪ ಮುಂಚೆ ನಡೆದುದೆಂದು ಒಂದು ಘೋರ ಕೃತ್ಯವನ್ನೂ ಹೇಳಿದ್ದಾನೆ. ಇಮ್ಮಡಿ ದೇವರಾಯನ ಸೋದರನು ಹೊಸ ಮನೆಯನ್ನು ಕಟ್ಟಿಸಿ, ಔತಣಕ್ಕೆ ಬಂದ ಪ್ರಮುಖರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯಿಸಿ ಕೊಲ್ಲಿಸಿದನು; ವಾದ್ಯಘೋಷದಲ್ಲಿ ಅವರ ಕೂಗು ಹೊರಗೆ ಕೇಳಿಸಲಿಲ್ಲ. ಅನಂತರ ಅರಮನೆಗೆ ಹೋಗಿ ರಾಯನನ್ನು ಕರೆದನು. ದೇಹಾಲಸ್ಯವೆಂದು ರಾಯನು ಬರಲೊಪ್ಪದಿರಲು ಕಠಾರಿಯಿಂದ ಇರಿದನು. ರಾಯನು ಗಾಯಗೊಂಡರೂ ಬದುಕಿದನು. ಔತಣಕ್ಕೆ ಹೋದವರು ಹಿಂದಿರುಗಲಿಲ್ಲ.

ಏಳು ಕೋಟೆಗಳ ಕಾವಲು ಹೊರಗಿನ ಹಗೆಯನ್ನು ತಡೆಯಬಲ್ಲುದು. ಒಡಹುಟ್ಟಿದವನನ್ನು ಯಾವ ತಳವಾರನು ತಡೆದಾನು? ಕಾವಲನ್ನು ಪರರಿಗೆ ಒಪ್ಪಿಸಬಹುದು, ಎಚ್ಚರವನ್ನು ಒಪ್ಪಿಸಲಾಗದು. ಆದುದರಿಂದ ‘ವೇರಿ’ ಶಬ್ದವನ್ನು ಕನ್ನಡಿಸುವಾಗ ಪ್ರಕರಣವನ್ನು ನೋಡಿ, ಕಾವಲಿನ ಭಾವವಿರುವಲ್ಲಿ ಒಂದನ್ನೂ ಒಳಗಿನ ಜಾಗೃತಿಯಿರುವಲ್ಲಿ ಇನ್ನೊಂದನ್ನೂ ಪ್ರಯೋಗಿಸುವುದು ಯುಕ್ತವೆಂದು ತೋರುತ್ತದೆ.