ಮೆಮೊರಿ ಹೆಚ್ಚಾಗಿ ನಿಂತುಹೋದ ಲೆಕ್ಕಪುಸ್ತಕ

ಕಂಪ್ಯೂಟರಿನಲ್ಲಿ 4 ಜಿಬಿ ಮೆಮೊರಿ ಇದೆ. ತೆರೆಯಲು ಹೊರಟದ್ದು ಮೂವತ್ತು ವರ್ಷ ಹಳೆಯ ಸಾಲದ ಲೆಕ್ಕದ ಪ್ರೋಗ್ರಾಂ. ಪರದೆಯ ಮೇಲೆ ಬರುವುದು ಒಂದೇ ಸಾಲು: ಮೆಮೊರಿ ಸಾಲದು. ಇದೇ ಬಗೆಯ ಪ್ರೋಗ್ರಾಂ 1994ರಲ್ಲಿ 4 ಎಂಬಿ ಮೆಮೊರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ತಕರಾರಿಲ್ಲದೆ ಓಡುತ್ತಿತ್ತು. ಸಾವಿರ ಪಟ್ಟು ಹೆಚ್ಚು ಕೊಟ್ಟ ಮೇಲೆ ಸಾಲದು ಎನ್ನುವುದೇಕೆ?

ಪೊಳಲಿ, ಕೈಕಂಬ, ಬಿ.ಸಿ. ರೋಡ್ ಕಡೆ ಸುದ್ದಿಗಾಗಿ ತಿರುಗುವ ನಮಗೆ ‘ಹಳೇ ಲೆಕ್ಕ ಕಂಪ್ಯೂಟರಿನಲ್ಲಿ ಈಗ ಓಪನ್ ಆಗುವುದಿಲ್ಲ’ ಎಂಬ ಮಾತು ಹೊಸತಲ್ಲ. ಇದನ್ನು ವೈರಸ್ಸಿನ ಮೇಲೆಯೋ ಸಿಬ್ಬಂದಿಯ ಮೇಲೆಯೋ ಹೊರಿಸಿ ಕೈತೊಳೆದುಕೊಳ್ಳುವುದೇ ಹೆಚ್ಚು. ಆದರೆ ಇದಕ್ಕೊಂದು ಚರಿತ್ರೆಯಿದೆ.

ಐಬಿಎಂ ಪಿಸಿ ಬಂದದ್ದು 1981ರಲ್ಲಿ. ಅದರ ಪ್ರೊಸೆಸರ್ ಗುರುತಿಸಬಲ್ಲ ಮೆಮೊರಿ ಒಟ್ಟು 1 ಎಂಬಿ. ಅದರಲ್ಲಿ ಪ್ರೋಗ್ರಾಂಗಳಿಗೆ ಬಿಟ್ಟುಕೊಟ್ಟದ್ದು 640 ಕೆಬಿ. ಅಮೆರಿಕದ ವೇನ್ ರಾಟ್ಲಿಫ್ ಬರೆದ ಡಿಬೇಸ್, ಅದರ ಬೆನ್ನಿಗೆ 1985ರಲ್ಲಿ ಬಂದ ಕ್ಲಿಪ್ಪರ್, ಆಮೇಲೆ ಫಾಕ್ಸ್‌ಪ್ರೊ, ಎಲ್ಲವೂ ಈ ಇಕ್ಕಟ್ಟಿನ ಮನೆಯಲ್ಲೇ ಬೆಳೆದವು. ಭಾರತದ ಸಣ್ಣ ಕಚೇರಿ, ಬ್ಯಾಂಕು, ಸಹಕಾರಿ ಸಂಘಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತಿದ್ದವರಿಗೆ 1990ರ ದಶಕದಲ್ಲಿ ಇವೇ ಸಾಧನಗಳು. ಫಾಕ್ಸ್ ಕಂಪನಿಯನ್ನು ಮೈಕ್ರೋಸಾಫ್ಟ್ 1992ರಲ್ಲಿ ಕೊಂಡಿತು. ಮುಂದೆ ಹೊಸ ಆವೃತ್ತಿ ಇಲ್ಲವೆಂದು 2007ರಲ್ಲಿ ಸಾರಿತು. 2015ರ ಜನವರಿಗೆ ವಿಷುವಲ್ ಫಾಕ್ಸ್‌ಪ್ರೊಗೆ ಬೆಂಬಲವೂ ನಿಂತಿತು.

640 ಕೆಬಿ ಸಾಲದಾದಾಗ ಅದರಾಚೆಯ ಮೆಮೊರಿಯನ್ನು ಕೇಳಿ ಪಡೆಯಲು ಕೆಲವು ನಿಯಮಗಳು ಬಂದವು. 1988ರ ಎಕ್ಸ್‌ಎಂಎಸ್ ಅಂಥದ್ದೊಂದು. ಎಷ್ಟು ಕೆಬಿ ಖಾಲಿ ಇದೆ ಎಂಬ ಉತ್ತರವನ್ನು ಅದು 16 ಬಿಟ್‌ಗಳ ಸಂಖ್ಯೆಯಲ್ಲಿ ಕೊಡುತ್ತಿತ್ತು. ಆ ಸಂಖ್ಯೆಯ ಗರಿಷ್ಠ 65,535, ಅಂದರೆ ಸುಮಾರು 64 ಎಂಬಿ. ಅದಕ್ಕಿಂತ ಹೆಚ್ಚಿನದನ್ನು ಹೇಳಲು ಆ ನಿಯಮದಲ್ಲಿ ಜಾಗವೇ ಇರಲಿಲ್ಲ. ಇಂಥ ಕಡೆ ದೊಡ್ಡ ಸಂಖ್ಯೆ ಬಂದರೆ ಮೇಲಿನ ಅಂಕಿ ಉದುರಿಹೋಗಿ ಉಳಿದದ್ದು ಸಣ್ಣದಾಗಿಯೋ, ಕೆಲವೊಮ್ಮೆ ಸೊನ್ನೆಗಿಂತ ಕಡಿಮೆಯಾಗಿಯೋ ಕಾಣುತ್ತದೆ. ಹತ್ತು ಮುಡಿಯವರೆಗೆ ಮಾತ್ರ ಎಣಿಸಲು ಬರುವವನ ಅಂಗಳಕ್ಕೆ ಲಾರಿಗಟ್ಟಲೆ ಅಕ್ಕಿ ಬಂದಿಳಿದಂತೆ. ಅಕ್ಕಿ ಇದೆ, ಎಣಿಕೆ ತಪ್ಪಿದೆ. ಹಾರ್ಡ್ ಡಿಸ್ಕಿನಲ್ಲಿ 2 ಜಿಬಿಗಿಂತ ಹೆಚ್ಚು ಜಾಗ ಖಾಲಿಯಿದ್ದರೆ ಕೆಲವು ಹಳೆಯ ಪ್ರೋಗ್ರಾಂಗಳು ‘ಜಾಗವಿಲ್ಲ’ ಎನ್ನುವುದೂ ಇದೇ ಕಾರಣಕ್ಕೆ.

ಪ್ರೋಗ್ರಾಂ ಮಾತ್ರವಲ್ಲ, ಆಪರೇಟಿಂಗ್ ಸಿಸ್ಟಮ್ಮೂ ಹೀಗೆ ಮುಗ್ಗರಿಸಿದ್ದುಂಟು. ವಿಂಡೋಸ್ 98ರ ಕಂಪ್ಯೂಟರಿಗೆ 512 ಎಂಬಿಗಿಂತ ಹೆಚ್ಚು ಮೆಮೊರಿ ಹಾಕಿದರೆ ಡಾಸ್ ಕಿಟಕಿ ತೆರೆಯಲೂ ಮೆಮೊರಿ ಸಾಲದು ಎನ್ನುತ್ತಿತ್ತು. ಫೈಲುಗಳಿಗಾಗಿ ಕಾದಿರಿಸುವ ಮೆಮೊರಿಗೆ ಮಿತಿ ಹಾಕಿದರೆ ಸರಿಹೋಗುತ್ತದೆ ಎಂದು ಮೈಕ್ರೋಸಾಫ್ಟೇ ಹೇಳಿತು. ವೇಗದ ಪೆಂಟಿಯಂ ಬಂದಾಗ ಇನ್ನೊಂದು ಬಗೆಯ ಪೆಟ್ಟು. ಪ್ರೊಸೆಸರಿನ ವೇಗ ಅಳೆಯಲು ಫಾಕ್ಸ್‌ಪ್ರೊ ಶುರುವಿನಲ್ಲೇ ಒಂದು ಲೆಕ್ಕ ಮಾಡುತ್ತಿತ್ತು. ಆ ಕೆಲಸ ಕಣ್ಣೆವೆ ಮುಚ್ಚುವುದರೊಳಗೆ ಮುಗಿದು ಹಿಡಿದ ಕಾಲ ಸೊನ್ನೆಯಾಗುತ್ತಿತ್ತು. ಸೊನ್ನೆಯಿಂದ ಭಾಗಿಸಹೊರಟು ಪ್ರೋಗ್ರಾಂ ಬಿದ್ದುಹೋಗುತ್ತಿತ್ತು.

ಆದ್ದರಿಂದ ದುರಸ್ತಿಯ ದಾರಿ ನಾವು ಎಣಿಸುವುದಕ್ಕೆ ತಿರುಗುಮುರುಗು. ಹೊಸ ರ‍್ಯಾಮ್ ಕೊಂಡು ಹಾಕಿದರೆ ರೋಗ ಹೆಚ್ಚುತ್ತದೆ. ಹಳೆಯ ಪ್ರೋಗ್ರಾಂಗೆ ಮೆಮೊರಿ ಕಡಿಮೆ ಇದೆಯೆಂದೇ ನಂಬಿಸಬೇಕು. ಫಾಕ್ಸ್‌ಪ್ರೊದ ಕಾನ್ಫಿಗ್ ಫೈಲಿನಲ್ಲಿ ಮೆಮ್‌ಲಿಮಿಟ್ ಎಂಬ ಸಾಲು ಬರೆದು ಮಿತಿ ಹಾಕಬಹುದು. 32 ಬಿಟ್ ವಿಂಡೋಸ್ ಎಕ್ಸ್‌ಪಿಯಂಥದ್ದರಲ್ಲಿ ಡಾಸ್ ಪ್ರೋಗ್ರಾಂನ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಮೆಮೊರಿ ಪುಟದಲ್ಲಿ ಡಿಪಿಎಂಐ ಎಂಬಲ್ಲಿ ‘ಆಟೋ’ ತೆಗೆದು 65,535 ಎಂದು ಕೊಟ್ಟರೆ ಎಷ್ಟೋ ಪ್ರೋಗ್ರಾಂಗಳು ಎದ್ದು ಕೂರುತ್ತವೆ. ಮೊದಲು ಹೇಳಿದ 16 ಬಿಟ್ ಸಂಖ್ಯೆಯ ಗರಿಷ್ಠವೇ ಇದು.

ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಬಳಿಕ ಕಚೇರಿಗಳಿಗೆ ಬಂದ ಹೊಸ ಕಂಪ್ಯೂಟರುಗಳಲ್ಲಿ ಹೆಚ್ಚಿನವು 64 ಬಿಟ್‌ನವು. ಡಾಸ್ ಪ್ರೋಗ್ರಾಂ ಓಡಿಸುವ ಏರ್ಪಾಡೇ ಅಲ್ಲಿಲ್ಲ. 2021ರ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಅಲ್ಲಿ ಉಳಿಯುವ ದಾರಿ ಡಾಸ್‌ಬಾಕ್ಸ್‌ನಂಥ ತಂತ್ರಾಂಶ, ಇಲ್ಲವೇ ವರ್ಚುವಲ್ ಮಷೀನ್. ಎರಡೂ ಹೊಸ ಕಂಪ್ಯೂಟರಿನೊಳಗೆ ಒಂದು ಹಳೆಯ ಕಂಪ್ಯೂಟರನ್ನು ಸೃಷ್ಟಿಸಿಕೊಡುತ್ತವೆ.

ಇವೆಲ್ಲ ಸದ್ಯಕ್ಕೆ ದಿನ ದೂಡುವ ಉಪಾಯಗಳು. ಪ್ರೋಗ್ರಾಂ ಸತ್ತರೂ ಮಾಹಿತಿ ಸಾಯುವುದಿಲ್ಲ ಎಂಬುದು ನಿಜವಾದ ಸಮಾಧಾನ. ಡಿಬೇಸ್, ಕ್ಲಿಪ್ಪರ್, ಫಾಕ್ಸ್‌ಪ್ರೊ ಮೂರೂ ಲೆಕ್ಕವನ್ನು ಇಡುತ್ತಿದ್ದುದು ಡಿಬಿಎಫ್ ಎಂಬ ಸರಳ ಫೈಲಿನಲ್ಲಿ. ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಅದನ್ನು ಇವತ್ತೂ ತೆರೆಯುತ್ತದೆ. ದಿನಾಂಕಗಳೂ ಅದರಲ್ಲಿ ನಾಲ್ಕಂಕಿಯ ವರ್ಷದೊಂದಿಗೇ ಇರುತ್ತವೆ. ಇಂಡೆಕ್ಸ್ ಫೈಲು ಕೆಟ್ಟಿದ್ದರೆ ಮತ್ತೆ ಕಟ್ಟಬಹುದು. ಉದ್ದನೆಯ ಟಿಪ್ಪಣಿಗಳಿರುವ ಮೆಮೊ ಫೈಲನ್ನು ಮಾತ್ರ ಡಿಬಿಎಫ್ ಜೊತೆಗೇ ನಕಲು ಮಾಡಿಕೊಳ್ಳಬೇಕು. ಮೊದಲ ಕೆಲಸ ನಕಲು, ರಿಪೇರಿ ಆಮೇಲೆ.

ಕನ್ನಡದಲ್ಲಿ ಬರೆದ ಮಾಹಿತಿಗೆ ಇನ್ನೂ ಒಂದು ಗಂಡಾಂತರವಿದೆ. ಪೊಳಲಿಗೆ ತಿರುಗುವ ಕೈಕಂಬದ ಪಕ್ಕದ ಕಿನ್ನಿಕಂಬಳದವರು ಕೆ.ಪಿ. ರಾವ್. ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸಲು ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ನುಡಿಯ ಮೂಲಕ ರಾಜ್ಯದ ಮೂಲೆಮೂಲೆ ಮುಟ್ಟಿತು. ಕೀಲಿಮಣೆ ಒಂದಾದರೂ ಅಕ್ಷರಗಳ ಒಳಸಂಕೇತ ಒಂದಾಗಿರಲಿಲ್ಲ. ಯೂನಿಕೋಡ್ ರೂಢಿಯಾಗುವವರೆಗೆ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ. ಹಾಗಾಗಿ ಹಳೆಯ ಫೈಲು ತೆರೆದರೂ ಅಂಕಿಗಳು ಸರಿಯಾಗಿದ್ದು ಹೆಸರುಗಳ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಕಾಣಬಹುದು. ಯಾವ ಫಾಂಟ್ ಬಳಸಿದ್ದರೆಂದು ಬಲ್ಲ ಹಳೆಯ ಗುಮಾಸ್ತರು ನಿವೃತ್ತರಾಗುವ ಮೊದಲೇ ಅದನ್ನು ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಯಾಕೆಂದರೆ, ಆ ಫೈಲಿನಲ್ಲಿರುವುದು ಯಾರದೋ ಅಡವು, ಯಾರದೋ ಕಂತು. ಜಾಗದ ದಾಖಲೆಯ ಮಟ್ಟಿಗೆ ನಮ್ಮ ರಾಜ್ಯ ಬೇಗ ಎಚ್ಚೆತ್ತಿತು. ‘ಭೂಮಿ’ ಯೋಜನೆ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. 15 ರೂಪಾಯಿಗೆ ಆರ್‌ಟಿಸಿ ಸಿಗುವಂತಾಯಿತು. ಸರಕಾರವೇ ಹಿಂದೆ ನಿಂತು ಕಾಪಾಡಿದ ದಾಖಲೆ ಅದು. ಸಹಕಾರಿ ಸಂಘಗಳ ಲೆಕ್ಕಕ್ಕೆ ಅಂಥ ಒಂದೇ ಯಜಮಾನ ಇರಲಿಲ್ಲ. ಪ್ರೋಗ್ರಾಂ ಬರೆದುಕೊಟ್ಟವರು ಊರು ಬಿಟ್ಟರೆ ಅದರ ಗುಟ್ಟೂ ಅವರ ಜೊತೆ ಹೋಯಿತು. 2018ರ ಸಾಲ ಮನ್ನಾದಂಥ ಸಂದರ್ಭದಲ್ಲಿ ಯಾವ ದಿನಕ್ಕೆ ಎಷ್ಟು ಬಾಕಿ ಎಂಬುದೇ ರೈತನ ಪಾಲಿಗೆ ನಿರ್ಣಾಯಕ.

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರಲು ಕೇಂದ್ರ ಸಂಪುಟ 2022ರ ಜೂನ್ 29ರಂದು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೊಸ ವ್ಯವಸ್ಥೆಗೆ ಬಾಕಿ ಮೊತ್ತವನ್ನಷ್ಟೇ ಏರಿಸಿ, ಅದು ಹೇಗೆ ಬೆಳೆಯಿತೆಂಬ ಹಳೆಯ ವಿವರವನ್ನು ಮೂಲೆಯ ಕಂಪ್ಯೂಟರಿನಲ್ಲೇ ಬಿಟ್ಟರೆ ಮುಂದೆ ತಕರಾರು ಬಂದಾಗ ತೋರಿಸಲು ಏನೂ ಇರುವುದಿಲ್ಲ.

ಪೊಳಲಿಯ ರಾಜರಾಜೇಶ್ವರಿ ದೇವಿಯ ಮೂರ್ತಿ ಮಣ್ಣಿನದು. ಅದು ಇಷ್ಟು ಕಾಲ ಉಳಿದದ್ದು ಕಾಲಕಾಲಕ್ಕೆ ಔಷಧೀಯ ಲೇಪ ಹಚ್ಚುವ ಕ್ರಮ ತಪ್ಪದೆ ನಡೆದುಬಂದದ್ದರಿಂದ. ಲೆಕ್ಕಪತ್ರಕ್ಕೂ ಅಂಥದ್ದೊಂದು ಕ್ರಮ ಬೇಕು. ನಿಮ್ಮ ಸಂಘದ ಮುಂದಿನ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟೆಂದು ಕೇಳುವಾಗ ಇದನ್ನೂ ಕೇಳಿ: ಹಳೆಯ ಡಿಬಿಎಫ್ ಫೈಲುಗಳು ಎಲ್ಲಿವೆ, ಕೊನೆಯ ಸಲ ಅವನ್ನು ತೆರೆದು ನೋಡಿದ್ದು ಯಾವಾಗ?