ಚಾರ್ಲ್ಸ್‌ಟನ್: ಬೀದಿನೋಟ, ಕಟ್ಟಡಕಲೆ ಮತ್ತು ಜನಕಥನ

ನಗರಗಳ ಚರಿತ್ರೆಯನ್ನು ಕೋಟೆ, ಅರಮನೆ, ಶಾಸನಗಳ ಆಧಾರದಿಂದ ಕಟ್ಟುವುದು ರೂಢಿ. ಜನರು ದಿನನಿತ್ಯ ಹಾದುಹೋಗುವ ಬಾಗಿಲು, ಜಗಲಿ, ಪೇಟೆ, ಬುಟ್ಟಿಗಳು ಆಕರಗಳಾಗಿ ಪರಿಗಣಿತವಾಗುವುದು ವಿರಳ. ಇಂತಹ ವಸ್ತುಗಳನ್ನು ಕುರಿತು ಜನರು ಹೇಳಿಕೊಂಡು ಬಂದಿರುವ ಕತೆಗಳಂತೂ ‘ಐತಿಹ್ಯ’ವೆಂಬ ಹಣೆಪಟ್ಟಿಯೊಂದಿಗೆ ಬದಿಗೆ ಸರಿಯುತ್ತವೆ. ಅಮೆರಿಕದ ದಕ್ಷಿಣ ಕ್ಯಾರೊಲಿನಾ ರಾಜ್ಯದ ಕಡಲತೀರದ ನಗರವಾದ ಚಾರ್ಲ್ಸ್‌ಟನ್ನಿನ ಬೀದಿನೋಟಗಳನ್ನೂ ಅವುಗಳಿಗೆ ಅಂಟಿಕೊಂಡ ಕತೆಗಳನ್ನೂ ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ನ ಹೆಸರಿನಲ್ಲಿ 1670ರಲ್ಲಿ ಸ್ಥಾಪಿತವಾದ ಈ ನೆಲೆ, 1680ರಲ್ಲಿ ಆಶ್ಲೀ ಮತ್ತು ಕೂಪರ್ ನದಿಗಳ ನಡುವಿನ ಈಗಿನ ಭೂಚಾಚಿಗೆ ಸ್ಥಳಾಂತರಗೊಂಡಿತು. 1783ರಲ್ಲಿ ಅದಕ್ಕೆ ಚಾರ್ಲ್ಸ್‌ಟನ್ ಎಂಬ ಹೆಸರು ಬಂದಿತು. ಬತ್ತ ಮತ್ತು ನೀಲಿಯ ರಫ್ತು ಈ ಬಂದರನ್ನು ಸಿರಿವಂತವಾಗಿಸಿತು. ಆ ಗದ್ದೆಗಳಲ್ಲಿ ದುಡಿದವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಿಂದ ಹಡಗುಗಳಲ್ಲಿ ತಂದು ಮಾರಲಾದ ಗುಲಾಮರು.

ಮನೆ ಮತ್ತು ಜಗಲಿ

ಈ ನಗರದ ವಿಶಿಷ್ಟ ಮನೆಯನ್ನು ‘ಸಿಂಗಲ್ ಹೌಸ್’ ಎನ್ನುತ್ತಾರೆ. ಬೀದಿಗೆ ಮುಖಮಾಡಿರುವುದು ಮನೆಯ ಕಿರುಬದಿ. ಅದರ ಅಗಲ ಒಂದೇ ಕೋಣೆಯಷ್ಟು. ಪ್ರತಿ ಅಂತಸ್ತಿನಲ್ಲಿ ಎರಡು ಕೋಣೆ, ನಡುವೆ ಮೆಟ್ಟಿಲುಸಾಲೆ. ಸಾಮಾನ್ಯವಾಗಿ ದಕ್ಷಿಣ ಅಥವಾ ಪಶ್ಚಿಮದ ಉದ್ದಬದಿಗೆ ‘ಪಿಯಾಜಾ’ ಎಂಬ ಕಂಬಸಾಲಿನ ಜಗಲಿ ಇರುತ್ತದೆ. ಕಡಲಗಾಳಿಯನ್ನು ಒಳಗೆ ಬಿಟ್ಟುಕೊಂಡು ಬಿಸಿಲನ್ನು ತಡೆಯುವ ಏರ್ಪಾಡಿದು. ಬೀದಿಬಾಗಿಲು ತೆರೆದರೆ ಎದುರಾಗುವುದು ಮನೆಯಲ್ಲ, ಈ ಜಗಲಿ. ಆ ಬಾಗಿಲು ತೆರೆದಿದ್ದರೆ ಅತಿಥಿಗಳಿಗೆ ಸ್ವಾಗತವಿದೆ ಎಂದೇ ಅರ್ಥವೆಂದು ಸ್ಥಳೀಯರು ಹೇಳುವುದುಂಟು. ನಮ್ಮ ಊರುಗಳ ಜಗಲಿ ಬೀದಿಗೇ ಚಾಚಿಕೊಂಡು ದಾರಿಹೋಕರನ್ನು ಮಾತಿಗೆ ಕರೆಯುತ್ತದೆ. ಚಾರ್ಲ್ಸ್‌ಟನ್ನಿನ ಜಗಲಿ ಬಾಗಿಲಿನ ಮರೆಯಲ್ಲಿದ್ದು ಯಾರನ್ನು ಕರೆಯಬೇಕೆಂಬುದನ್ನು ತಾನೇ ನಿರ್ಧರಿಸುತ್ತದೆ.

ಬೀದಿಗೆ ತಾಗಿದ ಅಗಲದ ಮೇಲೆ ತೆರಿಗೆಯಿದ್ದುದರಿಂದ ಮನೆಗಳನ್ನು ಹೀಗೆ ಕಿರಿದಾಗಿ ಕಟ್ಟಿದರೆಂಬುದು ಜನಪ್ರಿಯ ವಿವರಣೆ. ಅದಕ್ಕೆ ದಾಖಲೆಯ ಬೆಂಬಲವಿಲ್ಲ. ಉದ್ದನೆಯ ಕಿರಿದಾದ ನಿವೇಶನಗಳು ಹಾಗೂ ಉಷ್ಣ ಹವೆಯೇ ಸಾಕಷ್ಟು ಕಾರಣಗಳಾಗಿವೆ. ಆದರೆ ತೆರಿಗೆಯ ಕತೆ ನಮ್ಮ ಕಣ್ಣನ್ನು ಮನೆಯ ಮುಂಭಾಗದಲ್ಲೇ ನಿಲ್ಲಿಸುತ್ತದೆ. ನಿವೇಶನದ ಉದ್ದಕ್ಕೂ ಹಿಂದಕ್ಕೆ ನಡೆದರೆ ಹಿತ್ತಿಲಿನಲ್ಲಿ ಅಡುಗೆಮನೆ, ಕುದುರೆಲಾಯ ಹಾಗೂ ಅವುಗಳ ಮೇಲೆ ಗುಲಾಮರು ಮಲಗುತ್ತಿದ್ದ ಕೋಣೆಗಳು ಸಿಗುತ್ತವೆ. ಸುಮಾರು 1820ರಲ್ಲಿ ಕಟ್ಟಿದ ಐಕನ್-ರೆಟ್ ಮನೆಯಲ್ಲಿ ಈ ಹಿತ್ತಿಲು ಇಂದಿಗೂ ಉಳಿದಿದೆ. ನಗರದ ಹಳೆಯ ಇಟ್ಟಿಗೆಗಳಲ್ಲಿ ಅಲ್ಲಲ್ಲಿ ಬೆರಳಚ್ಚುಗಳು ಕಾಣುತ್ತವೆ. ಹಸಿಮಣ್ಣನ್ನು ಎತ್ತಿಟ್ಟ ಕೈಗಳ ಗುರುತುಗಳವು.

ಬಣ್ಣ, ಕಬ್ಬಿಣ

ಈಸ್ಟ್ ಬೇ ಬೀದಿಯ 13 ಮನೆಗಳ ಸಾಲಿಗೆ ‘ರೈನ್‌ಬೋ ರೋ’ ಎಂದು ಹೆಸರು. ಕುಡಿದ ನಾವಿಕರು ತಮ್ಮ ಮನೆಯನ್ನು ಗುರುತಿಸಲೆಂದು ಬೇರೆಬೇರೆ ಬಣ್ಣ ಬಳಿದರೆಂಬ ಕತೆಯಿದೆ. ವಾಸ್ತವದಲ್ಲಿ ಇವು ಹದಿನೆಂಟನೆಯ ಶತಮಾನದ ವರ್ತಕರ ಮನೆಗಳು. ಕೆಳಗೆ ಅಂಗಡಿ, ಮೇಲೆ ವಾಸ. ಅಂತರ್ಯುದ್ಧದ ನಂತರ ಪಾಳುಬಿದ್ದಿದ್ದ ಈ ಸಾಲಿನಲ್ಲಿ ಡೊರೊತಿ ಪೋರ್ಚರ್ ಲೆಗ್ ಅವರು 1931ರಲ್ಲಿ ಮನೆ ಕೊಂಡು ನಸುಗೆಂಪು ಬಣ್ಣ ಬಳಿಸಿದರು; ನೆರೆಯವರು ಅನುಸರಿಸಿದರು. ಅದೇ ವರ್ಷ ನಗರಾಡಳಿತ ಹೊರಡಿಸಿದ ವಲಯ ಶಾಸನ ಅಮೆರಿಕದಲ್ಲಿ ಪಾರಂಪರಿಕ ಪ್ರದೇಶ ಸಂರಕ್ಷಣೆಯ ಮೊದಲ ಕಾಯಿದೆಯೆನಿಸಿತು.

ಜಗಲಿಯ ಮಾಡಿನ ಒಳಮೈಗೆ ತಿಳಿನೀಲಿ ಬಳಿಯುವ ರೂಢಿ ಮಾತ್ರ ಬೇರೊಂದು ಮೂಲದ್ದು. ಕರಾವಳಿಯ ಆಫ್ರಿಕನ್ ಸಂತತಿಯವರಾದ ಗಲ್ಲಾ ಜನರ ನಂಬಿಕೆಯಂತೆ ಈ ನೀಲಿ ಪ್ರೇತಗಳನ್ನು ಮನೆಯಿಂದ ದೂರವಿಡುತ್ತದೆ. ನಮ್ಮಲ್ಲಿ ಹೊಸಮನೆಗೆ ದೃಷ್ಟಿಬೊಂಬೆ ಕಟ್ಟುವುದರ ಹಿಂದಿನ ಮನೋಧರ್ಮವನ್ನು ಇದು ನೆನಪಿಸುತ್ತದೆ.

ಗೋಡೆಗಳ ಹೊರಮೈಯಲ್ಲಿ ಕಾಣುವ ಕಬ್ಬಿಣದ ಬಿಲ್ಲೆಗಳು ಅಲಂಕಾರದಂತೆ ತೋರುತ್ತವೆ. ಅವು 1886ರ ಆಗಸ್ಟ್ 31ರ ಭೂಕಂಪದ ನೆನಪುಗಳು. ಬಿರುಕುಬಿಟ್ಟ ಗೋಡೆಗಳನ್ನು ಬಿಗಿಯಲು ಕಟ್ಟಡದ ಆರಪಾರು ಸರಳು ಹಾಯಿಸಿ ತುದಿಗೆ ಈ ಬಿಲ್ಲೆಗಳನ್ನು ಜೋಡಿಸಲಾಯಿತು. ಇನ್ನು ಗೇಟುಗಳ ಕಬ್ಬಿಣದ ಕುಸುರಿಯಲ್ಲಿ ಪ್ರಸಿದ್ಧರಾದವರು ಕಮ್ಮಾರ ಫಿಲಿಪ್ ಸಿಮನ್ಸ್ (1912-2009). ಗುಲಾಮರಾಗಿ ಹುಟ್ಟಿದ್ದ ಪೀಟರ್ ಸಿಮನ್ಸ್ ಎಂಬ ಕಮ್ಮಾರರಲ್ಲಿ ಅವರು ಕುಲುಮೆಯ ವಿದ್ಯೆ ಕಲಿತರು. 1982ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ಜಾನಪದ ಪುರಸ್ಕಾರ ಸಂದಿತು.

ಪೇಟೆ ಮತ್ತು ಬುಟ್ಟಿ

1841ರ ಮಾರ್ಕೆಟ್ ಹಾಲ್‌ನ ಹಿಂದೆ ಉದ್ದಕ್ಕೂ ಚಾಚಿರುವ ಪೇಟೆಯ ಚಪ್ಪರಗಳಲ್ಲಿ ಗಲ್ಲಾ ಹೆಂಗಸರು ಬುಟ್ಟಿ ಮಾರುತ್ತಾರೆ. ನಮ್ಮ ಮೇದರು ಬಿದಿರಿನ ಸೀಳುಗಳಿಂದ ಬುಟ್ಟಿ ಹೆಣೆಯುತ್ತಾರೆ. ಇಲ್ಲಿಯವರು ಹುಲ್ಲಿನ ಹುರಿಯನ್ನು ಸುರುಳಿಯಾಗಿ ಸುತ್ತುತ್ತ, ಪಾಲ್ಮೆಟೊ ಎಲೆಯ ಸೀಳಿನಿಂದ ಹೊಲಿಯುತ್ತಾರೆ. ತಮ್ಮ ಕೆಲಸವನ್ನು ಅವರು ‘ಹೊಲಿಗೆ’ ಎಂದೇ ಕರೆಯುತ್ತಾರೆ. ಪಶ್ಚಿಮ ಆಫ್ರಿಕಾದ ಈ ಕಸುಬು ಕ್ಯಾರೊಲಿನಾದಲ್ಲಿ ಬತ್ತ ಕೇರುವ ಅಗಲವಾದ ಮೊರಬುಟ್ಟಿಯ ರೂಪದಲ್ಲಿ ಬೇರೂರಿತು. ಆಗ ಜೊಂಡು ಬಳಸಿ ಗಂಡಸರು ಇವನ್ನು ಮಾಡುತ್ತಿದ್ದರು. ಬತ್ತದ ಬೇಸಾಯ ಅಳಿದ ಮೇಲೆ ಸಿಹಿಹುಲ್ಲಿನ ಅಲಂಕಾರದ ಬುಟ್ಟಿಗಳು ಹೆಂಗಸರ ಜೀವನೋಪಾಯವಾದವು. 2006ರಲ್ಲಿ ಇದನ್ನು ರಾಜ್ಯದ ಅಧಿಕೃತ ಕರಕುಶಲವೆಂದು ಘೋಷಿಸಲಾಯಿತು. ಆದರೆ ಕಡಲತೀರದ ಬಡಾವಣೆಗಳು ಹಬ್ಬಿದಂತೆ ಹುಲ್ಲು ಬೆಳೆಯುವ, ಕೊಯ್ಯಲು ಪ್ರವೇಶವಿರುವ ತಾಣಗಳು ಕುಗ್ಗುತ್ತಿವೆ.

ಈ ಪೇಟೆಯಲ್ಲೇ ಗುಲಾಮರನ್ನು ಮಾರುತ್ತಿದ್ದರೆಂಬ ಮಾತು ವ್ಯಾಪಕವಾಗಿದೆ. ಅದು ಮಾಂಸ, ಮೀನು, ತರಕಾರಿಗಳ ಪೇಟೆಯಾಗಿತ್ತು. ಹರಾಜುಗಳು ನಡೆಯುತ್ತಿದ್ದುದು ಎಕ್ಸ್‌ಚೇಂಜ್ ಕಟ್ಟಡದ ಬಳಿ. 1856ರಲ್ಲಿ ಬಯಲು ಹರಾಜಿಗೆ ನಿಷೇಧ ಬಂದ ಮೇಲೆ ಚಾಮರ್ಸ್ ಬೀದಿಯಂತಹ ಕಡೆಗಳ ಆವರಣಗಳಲ್ಲಿ. ಸ್ಥಳದ ದೃಷ್ಟಿಯಿಂದ ಈ ಕತೆ ತಪ್ಪು. ಆದರೆ ತೆರಿಗೆಯ ಕತೆ, ನಾವಿಕರ ಕತೆಗಳು ದುಡಿದವರನ್ನು ಮರೆಗೆ ಸರಿಸಿದರೆ, ಇದೊಂದೇ ಅವರನ್ನು ಪೇಟೆಯ ನಡುವೆ ನಿಲ್ಲಿಸುತ್ತದೆ. ಐತಿಹ್ಯವನ್ನು ದಾಖಲೆಯೊಂದಿಗೆ ತಾಳೆನೋಡಿ ತಳ್ಳಿಹಾಕಿದರೆ ಜಾನಪದ ವಿದ್ವಾಂಸನ ಕೆಲಸ ಮುಗಿಯದು. ಅದು ಏನನ್ನು ನೆನಪಿಡಲು, ಏನನ್ನು ಮರೆಯಲು ನೆರವಾಗುತ್ತದೆ ಎಂಬುದನ್ನೂ ಕೇಳಬೇಕು.

ಸಮಾರೋಪ

ನಗರಾಡಳಿತ 2018ರಲ್ಲಿ ಗುಲಾಮಗಿರಿಯಲ್ಲಿ ತನ್ನ ಪಾತ್ರಕ್ಕಾಗಿ ಕ್ಷಮೆ ಕೋರಿತು. ಗುಲಾಮರ ಹಡಗುಗಳು ಬಂದು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ ಕಟ್ಟೆಯ ನೆಲದಲ್ಲಿ 2023ರಲ್ಲಿ ಅಂತಾರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯ ತೆರೆಯಿತು. ಇದೇ ಅವಧಿಯಲ್ಲಿ ಏರಿದ ಮನೆಬೆಲೆಗಳ ಒತ್ತಡದಿಂದ ಆಫ್ರಿಕನ್ ಅಮೆರಿಕನ್ನರು ಹಳೆಯ ನಗರಭಾಗದಲ್ಲಿ ಅಲ್ಪಸಂಖ್ಯಾತರಾಗಿದ್ದಾರೆ. ಕಟ್ಟಡಗಳನ್ನು ಉಳಿಸುವ ಕಾಯಿದೆ ಅವುಗಳನ್ನು ಕಟ್ಟಿದವರ ಮೊಮ್ಮಕ್ಕಳನ್ನು ಆ ಬೀದಿಯಲ್ಲಿ ಉಳಿಸಲಾರದು. ಕರಾವಳಿಯ ನಮ್ಮ ಹಳೆಯ ಪೇಟೆಗಳನ್ನು ಪಾರಂಪರಿಕ ತಾಣಗಳೆಂದು ಗುರುತಿಸುವಾಗಲೂ ಗೋಡೆಗಳ ಪಟ್ಟಿಯ ಜೊತೆಗೆ ಕಸುಬುಗಳ ಹಾಗೂ ಕಸುಬುದಾರರ ಪಟ್ಟಿಯನ್ನು ಸಿದ್ಧಪಡಿಸುವುದು ಅವಶ್ಯಕ.