ಎಡಿನ್‌ಬರೊ: ಹಳೆಯ ಪೇಟೆ, ಹೊಸ ಪೇಟೆ ಮತ್ತು ಕನ್ನಡ ಶಾಸನಗಳ ಒಂದು ಪ್ರತಿ

ಸ್ಕಾಟ್‌ಲೆಂಡಿನ ರಾಜಧಾನಿ ಎಡಿನ್‌ಬರೊ ನಗರಕ್ಕೆ ಬರುವ ಪ್ರವಾಸಿ ರೈಲಿನಿಂದ ಇಳಿಯುವ ಮುಖ್ಯ ನಿಲ್ದಾಣದ ಹೆಸರು ವೇವರ್ಲಿ. ಅದು ವಾಲ್ಟರ್ ಸ್ಕಾಟ್ 1814ರಲ್ಲಿ ತನ್ನ ಹೆಸರನ್ನು ಮರೆಸಿ ಪ್ರಕಟಿಸಿದ ಕಾದಂಬರಿಯ ಹೆಸರು. ಊರಿನ ಹೆಬ್ಬಾಗಿಲಿಗೆ ಅರಸನ ಹೆಸರನ್ನಿಡದೆ ಕಾದಂಬರಿಯ ಹೆಸರನ್ನಿಟ್ಟ ನಿದರ್ಶನಗಳು ವಿರಳ. 2004ರಲ್ಲಿ ಯುನೆಸ್ಕೊ 'ಸಾಹಿತ್ಯ ನಗರ'ವೆಂಬ ಮನ್ನಣೆಯನ್ನು ಮೊತ್ತಮೊದಲು ನೀಡಿದ್ದೂ ಈ ನಗರಕ್ಕೇ. ಪ್ರವಾಸಿ ಕೈಪಿಡಿಗಳು ಕೋಟೆ, ಅರಮನೆ, ಸ್ಮಾರಕಗಳ ಪಟ್ಟಿಯನ್ನು ಕೊಡುತ್ತವೆ. ಅದೇ ಬೀದಿಗಳಲ್ಲಿ ಕನ್ನಡ ನಾಡಿನ ಚರಿತ್ರೆಗೆ ಸಂಬಂಧಿಸಿದ ಕುರುಹುಗಳು ಹಲವಿವೆ. ಅವುಗಳಲ್ಲಿ ಎದ್ದು ಕಾಣುವವು ಕೆಲವು. ಬೆಲೆಯುಳ್ಳದ್ದು ಮಾತ್ರ ಬೀದಿಯಲ್ಲಿ ಕಾಣುವುದಿಲ್ಲ.

ಹಳೆಯ ಪೇಟೆಯ ಆಕಾರವನ್ನು ನಿರ್ಧರಿಸಿದ್ದು ಭೂಮಿಯೇ. ಆರಿದ ಜ್ವಾಲಾಮುಖಿಯ ಬಂಡೆಯ ಮೇಲೆ ಕೋಟೆ. ಅದರ ಬೆನ್ನಿಗೆ ಪೂರ್ವಕ್ಕೆ ಇಳಿಜಾರಾಗಿ ಚಾಚಿದ ಏಣು. ಆ ಏಣಿನ ಮೇಲೆ ಕೋಟೆಯಿಂದ ಹೋಲಿರೂಡ್ ಅರಮನೆಯವರೆಗೆ ಸಾಗುವ 'ರಾಯಲ್ ಮೈಲ್' ಎಂಬ ರಾಜಬೀದಿ. ಅದರ ಇಕ್ಕೆಲಗಳಲ್ಲಿ ಮೀನಿನ ಮುಳ್ಳುಗಳಂತೆ ಕವಲೊಡೆದ ಇಕ್ಕಟ್ಟಾದ ಓಣಿಗಳಿಗೆ ಅಲ್ಲಿಯವರು 'ಕ್ಲೋಸ್' ಎನ್ನುತ್ತಾರೆ. 1513ರ ಫ್ಲಾಡನ್ ಯುದ್ಧದ ಸೋಲಿನ ಅನಂತರ ಕಟ್ಟಿದ ಪೌಳಿಗೋಡೆಯೊಳಗೆ ಜನ ಒತ್ತೊತ್ತಾಗಿ ನೆಲೆಸಿದರು. ಊರು ಅಗಲಕ್ಕೆ ಬೆಳೆಯಲಾರದೆ ಎತ್ತರಕ್ಕೆ ಬೆಳೆಯಿತು. ನ್ಯಾಯಾಧೀಶನೂ ನೀರು ಹೊರುವವನೂ ಒಂದೇ ಮೆಟ್ಟಿಲನ್ನು ಹತ್ತಿಳಿಯುತ್ತಿದ್ದ ಕಾಲವದು.

ಲೇಡಿ ಸ್ಟೇರ್ಸ್ ಕ್ಲೋಸ್ ಎಂಬ ಓಣಿಯೊಳಗಿರುವ ಲೇಖಕರ ಸಂಗ್ರಹಾಲಯವು ಬರ್ನ್ಸ್, ಸ್ಕಾಟ್, ಸ್ಟೀವನ್‌ಸನ್ ಈ ಮೂವರಿಗೆ ಮೀಸಲು. ಅದರ ಮುಂದಿನ ಅಂಗಳದ ಚಪ್ಪಡಿಗಳ ಮೇಲೆ ಸ್ಕಾಟಿಷ್ ಲೇಖಕರ ವಾಕ್ಯಗಳನ್ನು ಕಂಡರಿಸಲಾಗಿದೆ. ಶಾಸನಗಳನ್ನು ಓದಿ ರೂಢಿಯಿರುವವರು ಅಲ್ಲಿ ಕಾಲಿಡಲು ತುಸು ಹಿಂಜರಿದಾರು.

ರಾಜಬೀದಿಯ ಕೆಳತುದಿಯ ಭಾಗವೇ ಕ್ಯಾನನ್‌ಗೇಟ್. 1856ರವರೆಗೆ ಅದು ಎಡಿನ್‌ಬರೊದಿಂದ ಬೇರೆಯೇ ಆದ ಪುರ. ಅಲ್ಲಿನ ಚರ್ಚಿನ ಅಂಗಳದಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್‌ನ ಸಮಾಧಿಯಿದೆ. 24ರ ಹರೆಯದಲ್ಲಿ, 1774ರಲ್ಲಿ ತೀರಿಕೊಂಡ ಕವಿ ರಾಬರ್ಟ್ ಫರ್ಗ್ಯುಸನ್‌ನ ಸಮಾಧಿಯೂ ಇದೆ. ಗುರುತಿಲ್ಲದೆ ಬಿದ್ದಿದ್ದ ಆ ಸಮಾಧಿಗೆ ತನ್ನ ಖರ್ಚಿನಲ್ಲಿ ಕಲ್ಲು ನೆಡಿಸಿದವನು ಕವಿ ಬರ್ನ್ಸ್. ಅಲ್ಲಿಂದ ಮುಂದೆ, ಅರಮನೆಯ ಬಾಗಿಲ ಬಳಿ ರಸ್ತೆಯಲ್ಲಿ ಹಿತ್ತಾಳೆಯ 'ಎಸ್' ಅಕ್ಷರಗಳು ಕಾಣುತ್ತವೆ. ಸಾಲಗಾರರಿಗೆ ಆಶ್ರಯ ದೊರೆಯುತ್ತಿದ್ದ ಹೋಲಿರೂಡ್ ಮಠದ ಎಲ್ಲೆಯ ಗುರುತುಗಳವು. ಆ ಗೆರೆ ದಾಟಿ ಒಳಹೊಕ್ಕವನನ್ನು ಸಾಲಕ್ಕಾಗಿ ಸೆರೆಹಿಡಿಯುವಂತಿರಲಿಲ್ಲ.

1826ರಲ್ಲಿ ಸ್ಕಾಟ್ ತಾನೇ ಸಾಲದಲ್ಲಿ ಮುಳುಗಿದನು. ತಾನು ಪಾಲುದಾರನಾಗಿದ್ದ ಮುದ್ರಣಾಲಯವೂ ಪ್ರಕಾಶಕನೂ ಒಟ್ಟಿಗೆ ದಿವಾಳಿಯಾದಾಗ ಅವನು ಯಾವ ಆಶ್ರಯವನ್ನೂ ಬೇಡದೆ ಬರೆದೇ ಸಾಲ ತೀರಿಸುವ ಹಟ ತೊಟ್ಟನು. ಮರುವರ್ಷ ಹೊರಬಂದ 'ಕ್ಯಾನನ್‌ಗೇಟಿನ ವೃತ್ತಾಂತಗಳು' ಎಂಬ ಕಥಾಸಂಪುಟದ ನಿರೂಪಕ ಕ್ರಾಫ್ಟ್‌ಆಂಗ್ರಿ. ಒಮ್ಮೆ ಇದೇ ಎಲ್ಲೆಯೊಳಗೆ ಸಾಲಗಾರನಾಗಿ ತಲೆಮರೆಸಿಕೊಂಡಿದ್ದು, ಮುಪ್ಪಿನಲ್ಲಿ ಇದೇ ಕೇರಿಯಲ್ಲಿ ನೆಲೆಸುವ ಪಾತ್ರವದು. ಆ ಸಂಪುಟದ ಕಥೆಗಳಲ್ಲೊಂದು 'ವೈದ್ಯನ ಮಗಳು'. ಸ್ಕಾಟಿಷ್ ಹಳ್ಳಿಯೊಂದರಲ್ಲಿ ಮೊದಲಾಗುವ ಕಥೆ ಮದರಾಸನ್ನು ಹಾದು ಹೈದರ್ ಮತ್ತು ಟಿಪ್ಪುವಿನ ಮೈಸೂರು ರಾಜ್ಯವನ್ನು ಹೊಗುತ್ತದೆ. ಕೊನೆಯ ದೃಶ್ಯ ಬೆಂಗಳೂರಿನದು: ಫಕೀರನ ವೇಷದಲ್ಲಿದ್ದ ಹೈದರ್ ತನ್ನ ನಿಜರೂಪವನ್ನು ತೋರಿ ಹುಡುಗಿಯನ್ನು ಪಾರುಮಾಡುತ್ತಾನೆ, ಅವಳನ್ನು ವಂಚಿಸಿದ ಸ್ಕಾಟಿಷ್ ಯುವಕ ಆನೆಯ ಕಾಲಿಗೆ ಸಿಕ್ಕು ಸಾಯುತ್ತಾನೆ. ಸ್ಕಾಟ್ ಭಾರತವನ್ನು ಕಂಡವನಲ್ಲ. ಭಾರತದಿಂದ ಮರಳಿದ್ದ ಗೆಳೆಯರ ಬಾಯಿಮಾತೂ ಪುಸ್ತಕಗಳೂ ಅವನ ಆಕರ. ಕಥೆಯ ಬೆಂಗಳೂರು ಬಹುಮಟ್ಟಿಗೆ ನಾಟಕದ ಪರದೆಯಂತಿದೆ. ಅಲ್ಲಿ ಕನ್ನಡವಾಡುವ ಜೀವವೊಂದೂ ಕಿವಿಗೆ ಬೀಳದು. ಆದರೂ ದುಷ್ಟತನವನ್ನು ಸ್ಕಾಟಿಷ್ ಪಾತ್ರಕ್ಕೂ ನ್ಯಾಯದಾನವನ್ನು ಹೈದರನಿಗೂ ವಹಿಸಿದ್ದು, ಶ್ರೀರಂಗಪಟ್ಟಣ ಬಿದ್ದು 28 ವರ್ಷಗಳಷ್ಟೇ ಕಳೆದಿದ್ದ ಆ ಹೊತ್ತಿನಲ್ಲಿ, ಸಣ್ಣ ಸಂಗತಿಯೇನಲ್ಲ.

ಅದಕ್ಕೆ ಎದುರಾಗಿ ನಿಲ್ಲುವುದು ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಬೃಹತ್ ಚಿತ್ರ. ಸ್ಕಾಟ್‌ಲೆಂಡಿನ ರಾಷ್ಟ್ರೀಯ ಚಿತ್ರಸಂಗ್ರಹಕ್ಕೆ ಸೇರಿದ ಈ ಕೃತಿಯಲ್ಲಿ ಸೇನಾನಿ ಬೇರ್ಡ್ ಟಿಪ್ಪುವಿನ ಶವದ ಬಳಿ ಗೆಲುವಿನ ಭಂಗಿಯಲ್ಲಿ ನಿಂತಿದ್ದಾನೆ. ಬರೆಯಿಸಿದವಳು ಬೇರ್ಡನ ವಿಧವೆ. ಚಿತ್ರವು ಯಾರ ಪರವೆಂದು ಬೇರೆ ಹೇಳಬೇಕಿಲ್ಲ.

ಹಳೆಯ ಪೇಟೆಯಿಂದ ಉತ್ತರಕ್ಕೆ ಸೇತುವೆ ದಾಟಿದರೆ ಹೊಸ ಪೇಟೆ. ನಡುವಿನ ತಗ್ಗಿನಲ್ಲಿ ಹಿಂದೆ ಕೊಳೆತ ನೀರಿನ ಕೆರೆಯೊಂದಿತ್ತು. ಅದನ್ನು ಬತ್ತಿಸಿ, ಆಚೆಯ ದಿಬ್ಬದ ಮೇಲೆ ಜೇಮ್ಸ್ ಕ್ರೇಗ್ ಎಂಬ ತರುಣ ಶಿಲ್ಪಿಯ ನಕ್ಷೆಯಂತೆ 1767ರಿಂದ ಊರು ಕಟ್ಟಿದರು. ಮೂರು ನೇರ ಬೀದಿಗಳು, ಎರಡು ತುದಿಗಳಲ್ಲಿ ಎರಡು ಚೌಕಗಳು, ಅಷ್ಟು ಸರಳ. ಉಳ್ಳವರು ಅತ್ತ ಸಾಗಿದರು, ಇಲ್ಲದವರು ಓಣಿಗಳಲ್ಲೇ ಉಳಿದರು. ಒಂದೇ ಮೆಟ್ಟಿಲಿನ ಬಾಳು ಅಲ್ಲಿಗೆ ಮುಗಿಯಿತು. ಇಂದು ಎರಡು ಪೇಟೆಗಳೂ ಕೂಡಿ, 1995ರಿಂದ, ವಿಶ್ವ ಪರಂಪರೆಯ ತಾಣವೆನಿಸಿವೆ.

ಪೂರ್ವದ ಚೌಕದಲ್ಲಿ 40 ಮೀಟರಿಗೂ ಎತ್ತರದ ಕಂಬದ ಮೇಲೆ ನಿಂತವನು ಹೆನ್ರಿ ಡಂಡಾಸ್. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂಬ ಠರಾವಿಗೆ 1792ರಲ್ಲಿ 'ಕ್ರಮೇಣ' ಎಂಬ ಒಂದು ಪದವನ್ನು ಸೇರಿಸಿದವನಿವನು. ಕಾನೂನು ಬಂದದ್ದು 1807ರಲ್ಲಿ. ಆ ಪದದ ಹೊಣೆ ಎಷ್ಟೆಂಬುದನ್ನು ಕುರಿತು ನಗರದಲ್ಲಿ ಇಂದಿಗೂ ವಾದ ನಡೆದಿದೆ. ಈಸ್ಟ್ ಇಂಡಿಯಾ ಕಂಪನಿಯ ಮೇಲ್ವಿಚಾರಣೆಯ ಮಂಡಳಿಗೆ, ನಾಲ್ಕನೆಯ ಮೈಸೂರು ಯುದ್ಧದ ಕಾಲದಲ್ಲಿ, ಅಧ್ಯಕ್ಷನಾಗಿದ್ದವನೂ ಇವನೇ. ಇನ್ನು ಪ್ರಿನ್ಸೆಸ್ ಬೀದಿಯಲ್ಲಿ 61 ಮೀಟರ್ ಎತ್ತರಕ್ಕೆ ಏರಿದ ಸ್ಕಾಟ್ ಸ್ಮಾರಕವನ್ನು ತೋರಿಸಿಕೊಡಬೇಕಾದ ಅಗತ್ಯವಿಲ್ಲ.

ಮೂರನೆಯ ದಾರಿ ದಕ್ಷಿಣಕ್ಕೆ, ವಿಶ್ವವಿದ್ಯಾಲಯದ ಕಡೆಗೆ. ಇಲ್ಲಿ ವೈದ್ಯ ಪದವಿ ಪಡೆದ ಫ್ರಾನ್ಸಿಸ್ ಬುಕನನ್ 1800–1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಬೆಳೆ, ಮಗ್ಗ, ತೆರಿಗೆಗಳ ಜೊತೆಗೆ ಕಾರ್ಕಳ, ಮೂಡುಬಿದಿರೆಗಳ ಜೈನರ ಆಚಾರವಿಚಾರಗಳನ್ನೂ ಅವನು ಅವರಿಂದಲೇ ಕೇಳಿ ಬರೆದುಕೊಂಡನು. ತಪ್ಪುಗಳಿಲ್ಲವೆಂದಲ್ಲ, ಆದರೆ ಸ್ಕಾಟ್‌ನ ಕಥೆಯಲ್ಲಿ ಕೇಳದ ದನಿಗಳು ಇಲ್ಲಿ ಕೇಳುತ್ತವೆ.

ಇದೇ ನಗರದಲ್ಲಿ 1803ರಲ್ಲಿ ಹುಟ್ಟಿದ ವಾಲ್ಟರ್ ಎಲಿಯಟ್‌ನ ಸಂಗತಿ ಇನ್ನೂ ಮುಖ್ಯವಾದುದು. 1824ರಲ್ಲಿ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದಾಗ ಅವನ ಸಹಾಯಕನಾಗಿ ಸೆರೆಸಿಕ್ಕವರಲ್ಲಿ ಎಲಿಯಟ್ ಒಬ್ಬ. ಬಿಡುಗಡೆಯಾದ ಬಳಿಕ ಅದೇ ಸೀಮೆಯಲ್ಲಿ ಉಳಿದು, ಊರೂರಿನ ಕನ್ನಡ ಶಾಸನಗಳನ್ನು ಪ್ರತಿಮಾಡಿಸತೊಡಗಿದನು. ಗುಡಿಯ ಗೋಡೆಗಳಲ್ಲಿ, ಬಸದಿಯ ಅಂಗಳಗಳಲ್ಲಿ, ಕೆರೆಯ ಏರಿಗಳಲ್ಲಿ ನಿಂತ ಕಲ್ಲುಗಳನ್ನು ಓದಿ ಬರೆದುಕೊಟ್ಟವರು ದೇಶೀಯ ಪಂಡಿತರು. ಆ ಆಧಾರದ ಮೇಲೆ 1837ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವನ ಲೇಖನ ಚಾಲುಕ್ಯರ ವಂಶಾವಳಿಗೆ ಮೊದಲ ಗಟ್ಟಿ ನೆಲೆಯನ್ನು ಒದಗಿಸಿತು. ಶಾಸನಪ್ರತಿಗಳ ಒಂದು ಕಟ್ಟು ಲಂಡನ್ನಿನ ಆ ಸೊಸೈಟಿಗೂ ಇನ್ನೊಂದು ಎಡಿನ್‌ಬರೊ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಸಂದವು. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆಯುವಾಗ ಮತ್ತೆ ಮತ್ತೆ ಉಲ್ಲೇಖಿಸಿದ್ದು ಎಲಿಯಟ್‌ನ ಈ ಸಂಗ್ರಹವನ್ನೇ. ಪ್ರತಿಗಳಲ್ಲಿ ಓದಿನ ದೋಷಗಳಿವೆ. ಆದರೆ ಕಲ್ಲು ಒಡೆದೋ ಗೋಡೆಯೊಳಗೆ ಸೇರಿಯೋ ಕಣ್ಮರೆಯಾದಲ್ಲಿ ದೋಷವುಳ್ಳ ಪ್ರತಿಯೂ ಮೂಲದ ಬೆಲೆಯನ್ನು ಪಡೆಯುತ್ತದೆ.

ಅಂದು ಗ್ರಂಥಾಲಯವಿದ್ದದ್ದು ಸೌತ್ ಬ್ರಿಜ್ ಬೀದಿಯ ಹಳೆಯ ಕಾಲೇಜಿನಲ್ಲಿ. 1967ರಲ್ಲಿ ಅದು ಜಾರ್ಜ್ ಚೌಕದ ಹೊಸ ಕಟ್ಟಡಕ್ಕೆ ಬಂದಿತು. ಸ್ಕಾಟ್ ಬಾಲ್ಯವನ್ನು ಕಳೆದ ಮನೆ ಅದೇ ಚೌಕದ 25ನೆಯ ಸಂಖ್ಯೆಯದು. ಅವನ ಸ್ಮಾರಕದಿಂದ ಅಲ್ಲಿಗೆ ನಡೆದರೆ ಅರ್ಧ ಗಂಟೆಯೂ ಹಿಡಿಯದು.